ಟಿವಿಯಲ್ಲಿ ಧ್ವನಿ ಇದೆ, ಚಿತ್ರ ಇಲ್ವಾ? ಮೊದಲು ಟಾರ್ಚ್ ಹಿಡಿದು ನೋಡಿ

ಹೋದ ವಾರ ನಮ್ಮ ಮನೆಯ ಎಲ್‌ಇಡಿ ಟಿವಿಯಲ್ಲಿ ವಾರ್ತೆ ಕೇಳಿಸುತ್ತಿತ್ತು, ಪರದೆ ಮಾತ್ರ ಪೂರ್ತಿ ಕಪ್ಪು. ನೋಡಲು ಬಂದವರು "ಪ್ಯಾನೆಲ್ (ಚಿತ್ರ ಮೂಡಿಸುವ ಪರದೆ) ಹೋಗಿದೆ, ಹೊಸ ಟಿವಿನೇ ತಗೊಳ್ಳಿ" ಅಂದುಬಿಟ್ಟರು. ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ.

ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ತೀರಾ ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದೆ. ಬೆಳಕು ಬಿದ್ದ ಜಾಗದಲ್ಲಿ ವಾರ್ತೆ ಓದುವವರ ಮುಖ ಮಸುಕಾಗಿ ಕಾಣಿಸಿತು! ಅಂದರೆ ಚಿತ್ರ ಬರುತ್ತಿದೆ, ಪರದೆಗೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಉರಿಯುತ್ತಿಲ್ಲ ಅಷ್ಟೇ. ಎಷ್ಟೋ ಸೆಟ್‌ಗಳಲ್ಲಿ ಈ ಬ್ಯಾಕ್‌ಲೈಟ್ ಪಟ್ಟಿಯ ಒಂದು ಎಲ್‌ಇಡಿ (ಪುಟ್ಟ ದೀಪ) ಸುಟ್ಟರೂ ಸಾಲಿಗೆ ಸಾಲೇ ಆರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಮಾಡೆಲ್ ನಂಬರ್ ತೋರಿಸಿ ಪಟ್ಟಿ ತಂದು ಹಾಕಿಸಿದೆ, ಸರಿಹೋಯಿತು. ಓಎಲ್‌ಇಡಿ ಟಿವಿಗೆ ಬ್ಯಾಕ್‌ಲೈಟೇ ಇರುವುದಿಲ್ಲ, ಅದಕ್ಕೆ ಈ ಪರೀಕ್ಷೆ ನಡೆಯಲ್ಲ.

ಗೆರೆ, ಚುಕ್ಕೆ ಬರುತ್ತಿದ್ದರೆ ರಿಮೋಟ್‌ನಲ್ಲಿ ಟಿವಿಯ ಮೆನು ತೆಗೆಯಿರಿ. ಮೆನು ಸ್ವಚ್ಛವಾಗಿದ್ದರೆ ತಪ್ಪು ಸೆಟ್‌ಟಾಪ್ ಬಾಕ್ಸ್‌ನದೋ ಎಚ್‌ಡಿಎಂಐ ಕೇಬಲ್‌ನದೋ ಇರಬೇಕು. ಕೇಬಲ್ ಬದಲಿಸಿ ನೋಡಿ, ಸುಮ್ನೆ ಟಿವಿ ಹೊತ್ತುಕೊಂಡು ಹೋಗಬೇಡಿ. ಮೆನು ಮೇಲೂ ಗೆರೆ ಇದ್ದರೆ ತೊಂದರೆ ಟಿವಿಯೊಳಗೇ. ಒಂದೇ ಜಾಗದಲ್ಲಿ ಮೇಲಿಂದ ಕೆಳಗೆ ಕದಲದೆ ನಿಂತ ಗೆರೆ ಸಾಮಾನ್ಯವಾಗಿ ಪ್ಯಾನೆಲ್‌ನದು. ಅದಕ್ಕೆ ದುಡ್ಡು ಸುರಿಯುವ ಮುಂಚೆ ಯೋಚಿಸಿ.

ಹಿಂದಿನ ಮುಚ್ಚಳ ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಪವರ್ ಬೋರ್ಡ್‌ನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ, ಶಾಕ್ ಜೋರಾಗಿಯೇ ಹೊಡೆಯುತ್ತದೆ.