ಡಿಎಸ್‌ನಲ್ಲಿ ಮತ್ತೆ ಕ್ರೋನೋ ಟ್ರಿಗರ್: ನಾನು ಆಡಿದ ಬಗೆ

1995ರಲ್ಲಿ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಬಂದ ಕಾಲಯಾನದ ವಿಡಿಯೋ ಗೇಮ್ ಕ್ರೋನೋ ಟ್ರಿಗರ್ 2008ರ ನವೆಂಬರಿನಲ್ಲಿ ಎರಡು ಪರದೆಯ ಕೈಯಂತ್ರ ನಿಂಟೆಂಡೊ ಡಿಎಸ್‌ಗೆ ಬಂತು. ನಡುವೆ 1999ರಲ್ಲಿ ಪ್ಲೇಸ್ಟೇಷನ್ ಆವೃತ್ತಿಯೂ ಬಂದಿತ್ತು; ಅದರಲ್ಲಿ ಡಿಸ್ಕ್ ಲೋಡ್ ಆಗುವುದನ್ನು ಕಾಯುವುದೇ ಒಂದು ಕೆಲಸ. ಡಿಎಸ್‌ನಲ್ಲಿ ಆ ಗೋಳಿಲ್ಲ, ಅನಿಮೆ ದೃಶ್ಯಗಳು ಮಾತ್ರ ಹಾಗೇ ಉಳಿದಿವೆ. ಹಳೆಯ ಕಾರ್ಟ್ರಿಜ್ ಕೊಂಡರೆ ಮೊದಲ ಕಾಲಯಾನದವರೆಗಾದರೂ ಆಡಿ ನೋಡಿ. ಕದ್ದ ಪ್ರತಿಯಾದರೆ ಆ ಕಾಲಯಾನದ ಸುಳಿಯ ದೃಶ್ಯ ಮುಗಿಯದೆ ಸುತ್ತುತ್ತಲೇ ಇರುವಂತೆ ಬೀಗ ಹಾಕಿದ್ದಾರೆ. ಬೀಗ ಒಡೆದ ನಕಲಿಗಳೂ ಇವೆ, ಹಾಗಾಗಿ ಇದೊಂದನ್ನೇ ನಂಬಬೇಡಿ.

ನಾನು ಆಡಿದ್ದು ಡಿಎಸ್‌ನ ನಂತರದ ಯಂತ್ರ 3ಡಿಎಸ್‌ನಲ್ಲಿ. ಡಿಎಸ್ ಚಿತ್ರ 256×192 ಪಿಕ್ಸೆಲ್. 3ಡಿಎಸ್ ಅದನ್ನು 1.25 ಪಟ್ಟು ಹಿಗ್ಗಿಸಿ 320×240 ಮಾಡುತ್ತದೆ. ಪೂರ್ಣಾಂಕದ ಪಟ್ಟು ಅಲ್ಲವಾದ್ದರಿಂದ ಅಕ್ಷರ, ಅಂಚು ಎಲ್ಲ ಮಸುಕು. ಸ್ಟಾರ್ಟ್ ಅಥವಾ ಸೆಲೆಕ್ಟ್ ಒತ್ತಿ ಹಿಡಿದುಕೊಂಡೇ ಆಟ ತೆರೆದರೆ ಚಿತ್ರ ಚಿಕ್ಕದಾದರೂ ಚೂಪಾಗಿ ಬರುತ್ತದೆ. ಜೊತೆಗೆ ಡಿಎಸ್ ಮೋಡ್ ಆರಿಸಿದರೆ ಕಾಳಗದ ಮೆನು ಕೆಳಪರದೆಗೆ ಇಳಿದು ಮೇಲಿನ ಚಿತ್ರ ಪೂರ್ತಿ ಬಿಡುವಾಗುತ್ತದೆ.

ಆ ಬಿಡುವು ಸುಮ್ಮನೆ ಅಂದಕ್ಕಲ್ಲ. ಇಲ್ಲಿ ಶತ್ರುಗಳು ನಿಂತಲ್ಲೇ ನಿಲ್ಲುವುದಿಲ್ಲ. ನಾಯಕ ಕ್ರೋನೋನ ಸೈಕ್ಲೋನ್ ಎಂಬ ಕತ್ತಿವರಸೆ ಗುರಿಯ ಸುತ್ತಲಿನ ವೃತ್ತವನ್ನಷ್ಟೇ ಹೊಡೆಯುತ್ತದೆ. ಸರದಿ ತೋರುವ ಗೇಜ್ ತುಂಬಿದೊಡನೆ ಬೀಸಿದರೆ ಒಬ್ಬನಿಗೆ ತಗಲುತ್ತದೆ, ಅರೆಕ್ಷಣ ತಡೆದರೆ ಮೂವರಿಗೆ. ವೇಟ್ ಮೋಡ್ ಹಾಕಿಕೊಂಡರೂ ಹೊತ್ತು ನಿಲ್ಲುವುದು ಟೆಕ್ (ವಿಶೇಷ ವಿದ್ಯೆ) ಅಥವಾ ಐಟಂ ಪಟ್ಟಿ ತೆರೆದಾಗ ಮಾತ್ರ. ಮೊದಲ ಮೆನುವಿನಲ್ಲೇ ಯೋಚಿಸುತ್ತ ಕೂತರೆ ಪೆಟ್ಟು ಬೀಳುತ್ತಲೇ ಇರುತ್ತದೆ. ಹಿಂದೆ ಅನೇಕರು ಸೋತದ್ದು ಇಲ್ಲೇ ಎಂದು ನನ್ನ ಗುಮಾನಿ.

ನಿಜ್‌ಬೆಲ್ ಎಂಬ ದೊಡ್ಡ ಶತ್ರುವಿಗೆ ಮಿಂಚು ಬಿಟ್ಟರೆ ಅದರ ರಕ್ಷಣೆ ಕುಸಿಯುತ್ತದೆ, ಆದರೆ ಹೀರಿದ ವಿದ್ಯುತ್ತನ್ನು ಅದು ಎಲ್ಲರ ಮೇಲೂ ಉಗುಳುತ್ತದೆ. ಒಂದು ಮಿಂಚು, ಆಮೇಲೆ ಬರೀ ಕತ್ತಿ, ಉಗುಳುವ ಮೊದಲೇ ನಮ್ಮವರೆಲ್ಲರ ಎಚ್‌ಪಿ (ಜೀವಬಲ) ತುಂಬಿಸುವುದು: ಇಷ್ಟೇ ಸೂತ್ರ. ಇನ್ನೊಬ್ಬ ದೊಡ್ಡ ಶತ್ರು, ಮಾಂತ್ರಿಕ ಮೇಗಸ್, ತಾನು ಹಿಡಿದ ಧಾತುವನ್ನು (ಬೆಂಕಿ, ಮಿಂಚಿನಂಥದ್ದು) ಆಗಾಗ ಬದಲಿಸುತ್ತಾನೆ, ಅವನು ಈಗ ತೋರಿದ ಧಾತುವಿನಿಂದಲೇ ತಿರುಗಿ ಹೊಡೆಯಬೇಕು. ನಮ್ಮ ತಂಡದ ಕಪ್ಪೆಯ (ಫ್ರಾಗ್) ಕೈಲಿರುವ ಮಸಾಮುನೆ ಕತ್ತಿ ಮೇಗಸ್‌ನ ಮಾಂತ್ರಿಕ ರಕ್ಷಣೆಯನ್ನು ಇಳಿಸುತ್ತದೆ, ಆದ್ದರಿಂದ ಮೊದಲ ಪೆಟ್ಟುಗಳು ಕಪ್ಪೆಯದೇ ಆಗಲಿ.

ಕೈತಪ್ಪಿದರೆ ತಿದ್ದಲಾಗದ ಜಾಗ ಎಂದರೆ ಮುದ್ರೆ ಹಾಕಿದ ಪೆಟ್ಟಿಗೆಗಳು. ಝೀಲ್ ರಾಜ್ಯದಲ್ಲಿ ನಮ್ಮ ತಂಡದ ಪದಕಕ್ಕೆ ಶಕ್ತಿ ತುಂಬಿದ ಮೇಲೆ ಇವು ತೆರೆಯುತ್ತವೆ. ಪೋರ್ ಎಂಬ ಊರಿನ ಹಿರಿಯನ ಮನೆಯದನ್ನೇ ನೋಡಿ. ಕ್ರಿ.ಶ. 600ರಲ್ಲಿ ಪದಕ ಮಿನುಗಿ, ಒಳಗಿನದನ್ನು ತೆಗೆಯಲೇ ಎಂದು ಕೇಳಿದಾಗ ಬೇಡ ಎನ್ನಿ. ಪದಕ ಸೋಕಿದ ವಸ್ತು ನಾನೂರು ವರ್ಷ ಅಲ್ಲೇ ಮಾಗುತ್ತದೆ. 1000ಕ್ಕೆ ಹೋಗಿ ಬಲಿತದ್ದನ್ನು ಮೊದಲು ಎತ್ತಿಕೊಳ್ಳಿ, ಆಮೇಲೆ 600ಕ್ಕೆ ಮರಳಿ ಮೂಲದ್ದನ್ನೂ ತನ್ನಿ. ಹೀಗೆ ಎರಡೂ ಸಿಗುತ್ತವೆ. ಆಸೆಗೆ ಬಿದ್ದು 600ರಲ್ಲೇ ಖಾಲಿ ಮಾಡಿದರೆ ಮುಂದಿನ ಕಾಲದ ಪೆಟ್ಟಿಗೆಯೂ ಖಾಲಿ. ಕಾಲಯಾನದ ಕಥೆಗೆ ಇದಕ್ಕಿಂತ ಚಂದದ ಲೆಕ್ಕ ಬೇಕೇ?

ಡಿಎಸ್‌ಗೆಂದೇ ಸೇರಿಸಿದ ಲಾಸ್ಟ್ ಸ್ಯಾಂಕ್ಟಮ್ ಎಂಬ ಭಾಗ ಮಾತ್ರ ಬೇಸರ ತರಿಸುತ್ತದೆ. ಒಂದೇ ಬೆಟ್ಟ ಹತ್ತಿ ಇಳಿದು ಸಾಮಾನು ತಲುಪಿಸುವುದೇ ಅಲ್ಲಿನ ಕೆಲಸ. ಒಳ್ಳೆಯ ಆಯುಧ, ಕವಚ ಬೇಕಿದ್ದವರು ಹೋಗಲಿ. ಆಟ ಒಮ್ಮೆ ಮುಗಿಸಿದ ಮೇಲೆ ತೆರೆಯುವ ಡೈಮೆನ್ಷನಲ್ ವಾರ್ಟೆಕ್ಸ್ ಎಂಬ ಇನ್ನೊಂದು ಭಾಗಕ್ಕೆ ನಾನು ನ್ಯೂ ಗೇಮ್ ಪ್ಲಸ್‌ನ (ಗಳಿಸಿದ ಬಲ ಉಳಿಸಿಕೊಂಡು ಮತ್ತೆ ಮೊದಲಿಂದ ಆಡುವುದು) ಬಲದೊಂದಿಗೇ ಹೋದೆ.