ತಾಳೆ ತೋಟಕ್ಕೆ ಆರ್‌ಎಸ್‌ಪಿಒ ಸರ್ಟಿಫಿಕೇಟ್: ಪಹಣಿಯಿಂದ ಶುರು ಮಾಡಿ

ಭದ್ರಾ ಅಚ್ಚುಕಟ್ಟಿನಲ್ಲಿ ನಮ್ಮದು ನಾಲ್ಕು ಎಕರೆ ಎಣ್ಣೆ ತಾಳೆ. ಪರಿಸರಕ್ಕೂ ಕೆಲಸಗಾರರಿಗೂ ತೊಂದರೆಯಾಗದಂತೆ ತಾಳೆ ಬೆಳೆದವರಿಗೆ ಸರ್ಟಿಫಿಕೇಟ್ ಸಿಗುವಂತೆ ನಿಯಮ ಮಾಡಿರುವ ಅಂತರರಾಷ್ಟ್ರೀಯ ಸಂಸ್ಥೆಯೇ ಆರ್‌ಎಸ್‌ಪಿಒ. ಬೆಳೆಗಾರರ ಗುಂಪಿನ ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ. ಹಾಗಾಗಿ ಎಲ್ಲರೂ ನನ್ನನ್ನೇ ಕೇಳುತ್ತಾರೆ: "ಅಕ್ಕಾ, ಆ ಸರ್ಟಿಫಿಕೇಟ್ ಮಾಡಿಸಿದ್ರೆ ಗೊನೆಗೆ ರೇಟು ಜಾಸ್ತಿ ಸಿಗುತ್ತಾ?"

ಗೊನೆಯ ರೇಟು ಬದಲಾಗುವುದಿಲ್ಲ. ಗೊನೆ ಎಂದಿನಂತೆ ಫ್ಯಾಕ್ಟರಿಗೇ ಹೋಗುತ್ತದೆ. ಗುಂಪಿಗೆ ಸಿಗುವುದು ಕ್ರೆಡಿಟ್, ಅಂದರೆ ಇಷ್ಟು ಎಣ್ಣೆ ನಿಯಮದ ಪ್ರಕಾರ ಬೆಳೆದದ್ದು ಅನ್ನುವ ಮಾರಬಹುದಾದ ಲೆಕ್ಕ, ಒಂದು ಟನ್ ಎಣ್ಣೆಗೆ ಒಂದು. ಅದನ್ನು ಬೇರೆಲ್ಲೋ ಇರುವ ಕಂಪನಿಗಳು ಆನ್‌ಲೈನಿನಲ್ಲಿ ಕೊಳ್ಳುತ್ತವೆ. ಸಣ್ಣ ಬೆಳೆಗಾರರಿಗೆಂದೇ ಆರ್‌ಎಸ್‌ಪಿಒ 2019ರಲ್ಲಿ ಬೇರೆ ನಿಯಮ ತಂದಿತು, 2024ರಲ್ಲಿ ಅದನ್ನು ಪರಿಷ್ಕರಿಸಿದೆ. 2019ರ ನಿಯಮದಲ್ಲಿ ಮೂರು ಹಂತ ಇದ್ದವು. ಮೊದಲ ಹಂತದಲ್ಲಿ ನಿಮ್ಮ ಎಣ್ಣೆಯ ಶೇ 40ರಷ್ಟನ್ನು, ಎರಡನೆಯದರಲ್ಲಿ ಶೇ 70ರಷ್ಟನ್ನು, ಕೊನೆಯದರಲ್ಲಿ ಪೂರ್ತಿಯನ್ನು ಕ್ರೆಡಿಟ್ ಆಗಿ ಮಾರಬಹುದಿತ್ತು. ನೂರು ಟನ್ ಗೊನೆಗೆ ಸುಮಾರು 20 ಟನ್ ಎಣ್ಣೆ ಅಂದುಕೊಂಡರೆ, ಆ ಲೆಕ್ಕದಲ್ಲಿ ಮೊದಲ ಹಂತಕ್ಕೆ ಎಂಟು ಕ್ರೆಡಿಟ್. ಕ್ರೆಡಿಟ್ ಬೆಲೆ ಏರುತ್ತೆ, ಇಳಿಯುತ್ತೆ. ಇದನ್ನು ನಂಬಿ ಸಾಲ ಮಾಡಬೇಡಿ.

ಒಬ್ಬೊಬ್ಬರೇ ಹೋದರೆ ಆಗುವುದಿಲ್ಲ, ಗುಂಪೇ ಬೇಕು. ಆ ಗುಂಪು ಆರ್‌ಎಸ್‌ಪಿಒ ಸದಸ್ಯತ್ವವನ್ನೂ ತೆಗೆದುಕೊಳ್ಳಬೇಕು. ಊರಲ್ಲಿ ಸಹಕಾರ ಸಂಘವೋ ಎಫ್‌ಪಿಒನೋ (ರೈತ ಉತ್ಪಾದಕರ ಸಂಸ್ಥೆ) ಇದ್ದರೆ ಅದರ ಮೂಲಕವೇ ಹೋಗುವುದು ಸಲೀಸು. ಗುಂಪಿನ ಮ್ಯಾನೇಜರ್ ಆಗಿ ಭಾಷಣ ಮಾಡುವವರನ್ನಲ್ಲ, ಚೀಟಿ ಜೋಪಾನ ಮಾಡುವವರನ್ನು ಆರಿಸಿ.

ಆಮೇಲೆ ಜಮೀನಿನ ಕಾಗದ. ನಮ್ಮ ಕಡೆ ಅರ್ಧ ಜನರ ಪಹಣಿ ಇನ್ನೂ ತೀರಿಹೋದ ಮಾವನವರ ಹೆಸರಲ್ಲೋ ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲೋ ಇರುತ್ತದೆ, ಅಲ್ವಾ? ಭೂಮಿ ಮೇಲೆ ನಿಮಗೆ ಹಕ್ಕಿದೆ, ತಕರಾರು ಇಲ್ಲ ಅಂತ ತೋರಿಸಲೇಬೇಕು. ಪೌತಿ ಖಾತೆಗೆ ಅರ್ಜಿ ಇವತ್ತೇ ಹಾಕಿ, ಎಲ್ಲಕ್ಕಿಂತ ತಡವಾಗುವುದು ಅದೇ. ಬಗರ್ ಹುಕುಂ ಜಮೀನಿದ್ದರೆ ಮೊದಲೇ ಗುಂಪಿನಲ್ಲಿ ಹೇಳಿಬಿಡಿ. ತೋಟದ ಮೂಲೆಮೂಲೆಗೆ ಹೋಗಿ ಮೊಬೈಲಿನಲ್ಲಿ ಜಿಪಿಎಸ್ ಗುರುತು ಮಾಡಿಕೊಂಡು, ಸರ್ವೆ ನಂಬರ್ ಪಕ್ಕದಲ್ಲೇ ಬರೆದಿಡಿ.

ತೋಟದ ಕೆಲಸದಲ್ಲಿ ಬದಲಾಗಬೇಕಾದದ್ದು ಅಷ್ಟೇನಿಲ್ಲ. ಪ್ಯಾರಾಕ್ವಾಟ್ ಕಳೆನಾಶಕ ಬಿಡಬೇಕು. ಇದಕ್ಕೆ ನಮ್ಮ ಗಂಡಸರದ್ದು ದೊಡ್ಡ ತಕರಾರು. ಬುಡದ ಸುತ್ತ ಪಾತಿಯನ್ನು ಕೈಯಲ್ಲಿ ಕೆತ್ತಿ, ಸಾಲಿನ ನಡುವಿನ ಹುಲ್ಲನ್ನು ಕಟರ್‌ನಲ್ಲಿ ಸವರಿದರೆ ಸಾಕು. ಕಡಿದ ಗರಿ ಸುಡಬೇಡಿ, ಸಾಲಿನ ನಡುವೆ ಪೇರಿಸಿ. ಹಳ್ಳದ ಅಂಚಿಗೆ ಔಷಧಿ ಹೊಡೆಯಬೇಡಿ. ಗರ್ಭಿಣಿಯರು, ಎದೆಹಾಲು ಕೊಡುವ ತಾಯಂದಿರು ಸ್ಪ್ರೇಯರ್ ಮುಟ್ಟಬಾರದು. ಗೊನೆ ಕಡಿಯಲು ಬರುವ ತಂಡಕ್ಕೆ ಕೊಡುವ ಕೂಲಿ ಸರ್ಕಾರದ ಕನಿಷ್ಠ ಕೂಲಿಗಿಂತ ಕಡಿಮೆ ಇರಬಾರದು. ದೋಟಿ ಹಿಡಿದವರ ತಲೆ ಮೇಲೆ ಹೆಲ್ಮೆಟ್ ಇರಲಿ.

ಪುಸ್ತಕ ಬರೆಯುವುದೇ ನಿಜವಾದ ಕೆಲಸ. ನಾನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯುತ್ತೇನೆ: ತಾರೀಖು, ಗೊನೆ ಎಷ್ಟು, ತೂಕ, ತೂಕದ ಚೀಟಿ ನಂಬರ್, ಕೂಲಿ, ಹಾಕಿದ ಗೊಬ್ಬರ. ಮೆಷಿನ್ ಚೀಟಿಯ ಅಕ್ಷರ ನಾಲ್ಕೈದು ತಿಂಗಳಲ್ಲಿ ಮಾಸಿಹೋಗುತ್ತದೆ, ಅದಕ್ಕೇ ಅವತ್ತೇ ಫೋಟೋ ತೆಗೆದಿಡಿ.

ಆಡಿಟರ್ ಎಲ್ಲರ ತೋಟಕ್ಕೂ ಬರುವುದಿಲ್ಲ, ಕೆಲವನ್ನು ಆರಿಸಿಕೊಳ್ಳುತ್ತಾರೆ. ಯಾವುದನ್ನು ಅಂತ ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಅವರಿಗೂ ಮುಂಚೆ ಗುಂಪಿನವರೇ ಒಬ್ಬರ ತೋಟಕ್ಕೆ ಇನ್ನೊಬ್ಬರು ಹೋಗಿ ನೋಡಬೇಕು. ಸಂಕೋಚ ಆಗುತ್ತೆ, ಪರವಾಗಿಲ್ಲ. ಆಡಿಟ್ ಖರ್ಚಿಗೆ ಆರ್‌ಎಸ್‌ಪಿಒದಲ್ಲೇ ಸಣ್ಣ ಬೆಳೆಗಾರರ ನಿಧಿ ಇದೆ, ಗುಂಪಿನ ಹೆಸರಲ್ಲಿ ಅರ್ಜಿ ಹಾಕಬೇಕು.

ಮುಂದಿನ ಸಭೆಗೆ ಬರುವಾಗ ಎಲ್ಲರೂ ಪಹಣಿ ಜೆರಾಕ್ಸ್, ಆಧಾರ್, ಹೋದ ವರ್ಷದ ತೂಕದ ಚೀಟಿಗಳನ್ನು ತರಲಿ. ಚೀಟಿ ಸಿಗದವರು ಫ್ಯಾಕ್ಟರಿ ದುಡ್ಡು ಹಾಕಿದ ಬ್ಯಾಂಕ್ ಪಾಸ್‌ಬುಕ್ ತಂದರೂ ಲೆಕ್ಕ ಶುರು ಮಾಡಬಹುದು.