ಕಾಳಿ ನಾಲ್ಕು ಬಿಟ್ಟು ಕಾಳಿ ಎರಡಕ್ಕೆ ಇಳಿದೆವು: ಭಜನಾ ಮಂಡಳಿಯಲ್ಲಿ ನನ್ನ ಅನುಭವ

ಮಹಾರಾಷ್ಟ್ರದ ಸೋಲಾಪುರ ಜಿಲ್ಲೆ ಅಕ್ಕಲಕೋಟ ತಾಲ್ಲೂಕಿನ ನಮ್ಮೂರಲ್ಲಿ ಭಜನಾ ಮಂಡಳಿ ಸೇರೋಕೆ ಅರ್ಜಿ ಇಲ್ಲ, ಪರೀಕ್ಷೆ ಇಲ್ಲ. ಸೋಮವಾರ ರಾತ್ರಿ ಊಟ ಮುಗಿಸಿ ಗುಡಿಗೆ ಬಂದು ಒಂದು ಜೋಡಿ ತಾಳ ಕೈಗೆ ತಗೊಂಡರೆ ಆಯ್ತು. ನಾನೂ ಹಾಗೇ ಸೇರಿದವನು. ಪೇಟಿ ನುಡಿಸುತ್ತಿದ್ದ ಹಿರಿಯರಿಗೆ ಕೈ ನಡುಗೋಕೆ ಶುರುವಾದ ಮೇಲೆ ಹಾರ್ಮೋನಿಯಂ ನನ್ನ ಮುಂದೆ ಬಂತು. ಅದರ ಜೊತೆಗೆ ಯಾರನ್ನು ಕರೆಯಬೇಕು, ಯಾವ ಪದ ಮೊದಲು, ಚಹಾ ಯಾವಾಗ ಅನ್ನೋ ಉಸಾಬರಿಯೂ ಬಂತು.

ನಾನು ಮಾಡಿದ ಮೊದಲ ತಪ್ಪು ಶ್ರುತಿಯದು. ಪೇಟಿಯ ಒಂದು ಸಪ್ತಕದಲ್ಲಿ 5 ಕರಿ ಪಟ್ಟಿ ಇರ್ತಾವೆ, ನಾವು ಅವನ್ನ ಕಾಳಿ ಒಂದು, ಕಾಳಿ ಎರಡು ಅಂತ ಎಣಿಸ್ತೀವಿ. ನನ್ನ ದನಿ ಕಾಳಿ ನಾಲ್ಕರಲ್ಲಿ ಚೆನ್ನಾಗಿ ಏರುತ್ತಿತ್ತು, ಅಲ್ಲೇ ಹಿಡಿದೆ. ಉಳಿದವರಿಗೆ ಅದು ಎತ್ತರವಾಯ್ತು. ಎರಡು ತಿಂಗಳಲ್ಲಿ ಹಿಂದೆ ದನಿಗೂಡಿಸುವವರು ಅರ್ಧಕ್ಕೆ ಇಳಿದರು. ಹಳಬರೊಬ್ಬರು ಚಹಾ ಕುಡಿಯುತ್ತಾ ಕೇಳಿದರು, 'ತಮ್ಮಾ, ನಾವು ಹಾಡಲಾಕ ಬರ್ತೀವೋ, ನಿನ್ನ ಹಾಡ ಕೇಳಲಾಕ ಬರ್ತೀವೋ?' ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆದರೂ ಮುಂದಿನ ಸೋಮವಾರ ಕಾಳಿ ಎರಡಕ್ಕೆ ಇಳಿಸಿದೆ. ತಬಲಾದವನು ಶ್ರುತಿ ಕೂಡಿಸೋಕೆ ಸುತ್ತಿಗೆ ಹಿಡಿದು ಗಟ್ಟೆ (ಪಕ್ಕದ ಮರದ ತುಂಡು) ಬಡಿಯುತ್ತಾ ಅರ್ಧ ಗಂಟೆ ಗೊಣಗಿದ. ಆದರೆ ಪಲ್ಲವಿ ಎತ್ತಿದ ಕೂಡಲೇ ಹಿಂದಿನಿಂದ ಗುಡಿ ತುಂಬುವಷ್ಟು ದನಿ ಬಂತು.

ನಮ್ಮಲ್ಲಿ ಪದ ನಡೆಯೋದೇ ಹಿಂದಿನವರಿಂದ ಅಲ್ವಾ. ಮುಂದಿನವನು ಪಲ್ಲವಿ ಹಾಡ್ತಾನೆ, ಎಲ್ಲರೂ ತಿರುಗಿ ಹಾಡ್ತಾರೆ, ಆಮೇಲೆ ನುಡಿ. ಮುಂದಿನವನು ಉಸಿರು ತಗೊಳ್ಳೋದು ಅವರು ಹಾಡುವಾಗಲೇ. ಕೊನೆಯ ನುಡಿಯಲ್ಲಿ ಅಂಕಿತ, ಅಂದರೆ ಪದ ಕಟ್ಟಿದವರ ಗುರುತಿನ ಹೆಸರು ಬಂದಾಗ, ಶರೀಫಜ್ಜನ ಪದವಾದರೆ ಶಿಶುನಾಳಾಧೀಶ ಅಂದಾಗ, ತಾಳ ಹಿಡಿದ ಕೈಗಳೇ ಒಂದು ಕ್ಷಣ ಎದೆಗೆ ಹೋಗ್ತಾವೆ, ತಾಳ ತಪ್ಪಿದರೂ ಯಾರೂ ಬಯ್ಯಲ್ಲ.

ಶುರುವಿಗೆ ಗಣಪತಿ, ಗುರುವಿನ ಪದ, ಕೊನೆಗೆ ಮಂಗಳಾರತಿ. ನಡುವೆ ಸರದಿ ಪ್ರಕಾರ ಒಬ್ಬೊಬ್ಬರಿಗೆ ಒಂದು ಪದ. ಕಡಕೋಳ ಮಡಿವಾಳಪ್ಪನವರ ತತ್ವಪದ ಆದ ಮೇಲೆ ತುಕಾರಾಮರ ಅಭಂಗ ಬರೋದು ಇಲ್ಲಿ ಸಹಜ, ಪಂಢರಪುರವೂ ನಮ್ಮ ಜಿಲ್ಲೆಯದೇ. ಚೆನ್ನಾಗಿ ಹಾಡುವವನಿಗೆ ಎರಡು ಪದ ಕೊಡಬೇಕು ಅನ್ನೋ ಆಸೆ ಬರುತ್ತೆ. ನಾನು ಕೊಡಲ್ಲ. ಕೊಟ್ಟರೆ ಕೆಟ್ಟದಾಗಿ ಹಾಡುವವನು ಮುಂದಿನ ವಾರ ಬರಲ್ಲ, ಅವನ ತಾಳವೂ ಬರಲ್ಲ.

ಹುಡುಗರು ಬಂದಾಗ ಇನ್ನೊಂದು ಪೇಚು. ಮನೆಯಲ್ಲಿ ಕನ್ನಡ, ಶಾಲೆ ಮರಾಠಿ, ಕನ್ನಡದಲ್ಲಿ ಬರೆದ ಪದದ ವಹಿ ಓದೋಕೆ ಬರಲ್ಲ. ಅವರೇ ಕನ್ನಡ ಪದಗಳನ್ನ ಬಾಳಬೋಧ (ದೇವನಾಗರಿ) ಅಕ್ಷರದಲ್ಲಿ ಬರೆದುಕೊಂಡರು. ಅಲ್ಲಿ ಎ-ಏ, ಒ-ಓ ಬೇರೆ ಇಲ್ಲ, ಹಾಗಾಗಿ ಎಳೆಯೋದನ್ನ ಮೊಟಕು ಮಾಡ್ತಾರೆ, ಮೊಟಕನ್ನ ಎಳೀತಾರೆ. ಈಗ ಎಳೆಯಬೇಕಾದ ಕಡೆ ಕೆಂಪು ಪೆನ್ನಿನ ಗೆರೆ ಹಾಕಿಸಿದ್ದೀನಿ.

ದುಡ್ಡಿನ ವಿಷಯ ಸಣ್ಣದು. ಪಟ್ಟಿ (ವಂತಿಗೆ) ಎತ್ತುವುದು ಪೇಟಿ ರಿಪೇರಿಗೆ, ತಬಲಾಕ್ಕೆ ಹೊಸ ಚರ್ಮ ಹಾಕಿಸೋಕೆ ಮಾತ್ರ. ಮಳೆಗಾಲದಲ್ಲಿ ದಮ್ಮಡಿಯ ಚರ್ಮ ಮೆತ್ತಗಾದರೆ ಕಾಗದ ಸುಟ್ಟು ಕಾಯಿಸ್ತೀವಿ, ಅದಕ್ಕೇನು ಖರ್ಚು.

ಒಮ್ಮೆ ಭಜನಾ ಸ್ಪರ್ಧೆಗೂ ಹೋಗಿದ್ದೆವು, ಎಲ್ಲರಿಗೂ ಬಿಳಿ ಟೋಪಿ ಬೇರೆ. ಒಂದು ತಂಡಕ್ಕೆ 10 ನಿಮಿಷ. ನಮ್ಮವರು ಪಲ್ಲವಿಯನ್ನೇ ಬಿಡವಲ್ಲರು, ಮೂರನೇ ನುಡಿಗೆ ಗಂಟೆ ಬಾರಿಸಿದರು. ಬಹುಮಾನದ ಮಾತು ಬಿಡಿ, ಅಂಕಿತಕ್ಕೆ ಮೊದಲೇ ಎಬ್ಬಿಸಿದರಲ್ಲ ಅಂತ ಹಳಬರಿಗೆ ಬೇಜಾರು. ಉಳಿದ ಎರಡು ನುಡಿ ವಾಪಸ್ ಬರುವಾಗ ಟಂಟಂ ಆಟೋದಲ್ಲಿ ಹಾಡಿ ಮುಗಿಸಿದೆವು, ಪೇಟಿ ನನ್ನ ತೊಡೆ ಮೇಲೆ, ಶ್ರುತಿ ಕಾಳಿ ಎರಡೇ.